ಕೆಮ್ಮು ಮರೆತ ಪೇಟೆ

ಕಿವಿ ಹಿಂಡಿದರೆ ಬುದ್ಧಿ ಬರುತ್ತದೆ ಎಂದು ನಮ್ಮ ಕಾಲದ ಮಾಸ್ತರರು ನಂಬಿದ್ದರು. ಕಿವಿ ಹಿಂಡಿದರೆ ಬಿ.ಪಿ. ಇಳಿಯುತ್ತದೆ ಎಂದು ನಾವು ಮಾಡಿ ತೋರಿಸಿದೆವು. ಮಾಸ್ತರರ ಪ್ರಯೋಗ ನನ್ನ ಮಟ್ಟಿಗಂತೂ ಫಲ ಕೊಡಲಿಲ್ಲ. ನಮ್ಮದು ಕೊಟ್ಟಿತು, ಕೊಡಬಾರದಷ್ಟು ಕೊಟ್ಟಿತು.

ಉಪ್ಪು ತಿಂದವರಿಗೆ ಬಿ.ಪಿ., ಸಿಹಿ ತಿಂದವರಿಗೆ ಶುಗರ್ ಎಂದು ಜನ ಸುಲಭವಾಗಿ ಪಾಲು ಮಾಡಿಟ್ಟಿದ್ದರು. ದೇಹದ ಲೆಕ್ಕ ಅಷ್ಟು ಸರಳವಲ್ಲ. ಎಷ್ಟೋ ಸಲ ಎರಡರ ಬುಡದಲ್ಲೂ ಒಂದು ಉರಿಯೂತ ಕೂತಿರುತ್ತದೆ. ಮುಳ್ಳು ಚುಚ್ಚಿದ ಕಾಲು ಕೆಂಪಗಾಗಿ, ಬಾತು, ಬಿಸಿಯಾಗುತ್ತದಲ್ಲ, ಅದು ಉರಿಯೂತದ ಒಳ್ಳೆಯ ಮುಖ. ರೋಗಾಣುವಿನ ಜೊತೆ ಹೊಡೆದಾಡಿ, ಗಾಯ ಮಾಯಿಸಿ, ಬಂದ ದಾರಿ ಹಿಡಿದು ಹೋಗುತ್ತದೆ. ಇನ್ನೊಂದು ಮುಖವಿದೆ. ಹಬ್ಬಕ್ಕೆ ಬಂದ ಬೀಗರು ಹಬ್ಬ ಮುಗಿದರೂ ಹೊರಡದೆ ಕೂತ ಹಾಗೆ ಅದು. ಹೊಟ್ಟೆಯ ಬೊಜ್ಜಿನಲ್ಲಿ ಸೇರಿಕೊಂಡು, ಇಲ್ಲದ ವೈರಿಯ ಹೆಸರು ಹೇಳಿ ದಿನವಿಡೀ ಕೂಗುತ್ತದೆ. ಆ ಕೂಗಿಗೆ ರಕ್ತನಾಳಗಳ ಗೋಡೆ ಬಿಗಿಯುತ್ತದೆ, ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಇನ್ಸುಲಿನ್ ಬಂದು ಎಷ್ಟು ಬಾಗಿಲು ಬಡಿದರೂ ಒಳಗಿನವರಿಗೆ ಕೇಳುವುದಿಲ್ಲ.

ಈ ಕೂಗನ್ನು ಅಡಗಿಸುವ ಒಂದು ನರವಿದೆ, ವೇಗಸ್ ಎಂದು ಅದರ ಹೆಸರು. ಮಿದುಳಿನಿಂದ ಹೊರಟು ಗಂಟಲು, ಎದೆ, ಹೊಟ್ಟೆಯವರೆಗೆ ಹರಿದಾಡುವ ಈ ನರದ ಒಂದು ಸಣ್ಣ ಕವಲು ಕಿವಿಯ ಗುಳಿಯ ಚರ್ಮದ ಕೆಳಗೇ ಇದೆ. ಅಲ್ಲಿ ಮೆಲ್ಲಗೆ ಕರೆಂಟು ತಟ್ಟಿದರೆ 'ಸುಮ್ಮನಿರ್ರಿ' ಎಂಬ ಹುಕುಂ ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮದವರೆಗೆ ಹೋಗಿ, ಉರಿಯೂತದ ಕಣಗಳು ತಣ್ಣಗಾಗುತ್ತವೆ. ಹುಬ್ಬಳ್ಳಿಯ ನಮ್ಮ ಕೇಂದ್ರ ಮಾಡಿದ್ದು ಅಂಥ ತಟ್ಟುವ ಯಂತ್ರವನ್ನು. ಕಡಲೆಕಾಳಿನಷ್ಟು ದೊಡ್ಡ ಸ್ಟೀಲಿನ ಕ್ಲಿಪ್ಪು, ಕಿವಿಯ ಗುಳಿಗೆ ಹಿಚುಕಿ ಕೂಡಿಸುವಂಥದ್ದು. ನಾವು ಅದಕ್ಕೊಂದು ಉದ್ದನೆಯ ಹೆಸರು ಇಟ್ಟಿದ್ದೆವು. ಜನ ಅದನ್ನು ಎಡಗೈಯಲ್ಲಿ ಸರಿಸಿ 'ಬುಗುಡಿ' ಎಂದರು, ಅದೇ ನಿಂತಿತು.

ಬುಗುಡಿ ಬೆವರಿನಿಂದ ಉರಿಯೂತವನ್ನು ಅಳೆದು ಸೊನ್ನೆಯಿಂದ ಹತ್ತರವರೆಗೆ ಒಂದು 'ಉರಿ ಅಂಕ' ಕೊಡುತ್ತಿತ್ತು. ಅದು ಗಳಿಗೆ ಗಳಿಗೆಗೂ ನಮ್ಮ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಬಂದು ಬೀಳುತ್ತಿತ್ತು. ಅಲ್ಲಿಯ ಮುಖ್ಯಸ್ಥ ನಾನು, ಕರಬಸಪ್ಪ ಹಾದಿಮನಿ. ಕೆಲವೇ ವರ್ಷಗಳಲ್ಲಿ ಊರವರ ಮಾತುಕತೆಯೇ ಬದಲಾಯಿತು. ಕನ್ಯೆ ನೋಡಲು ಬಂದವರು ಜಾತಕದ ಜೊತೆ ಉರಿ ಅಂಕ ಕೇಳತೊಡಗಿದರು. ಗಂಡ ಹೆಂಡಿರ ಜಗಳದಲ್ಲಿ 'ನಿನ್ನ ಮಾತಿಗೆ ನಂದು ಆರಕ್ಕ ಹೋತು ನೋಡು' ಎಂಬ ಮಾತು ಬಂತು. ಮಂಡಕ್ಕಿ ಗಿರಮಿಟ್ಟಿನ ಅಂಗಡಿಯವನು ಗಿರಾಕಿಯ ಅಂಕ ನೋಡಿಯೇ ಮಿರ್ಚಿ ಎಷ್ಟು ಹಾಕಬೇಕೆಂದು ತೀರ್ಮಾನಿಸುತ್ತಿದ್ದ. ಲಕ್ವ ಹೊಡೆದವರ ಸಂಖ್ಯೆ ಇಳಿಯಿತು, ಡಯಾಲಿಸಿಸ್ಸಿನ ಸಾಲು ಮೊಟಕಾಯಿತು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಎಲ್ಲಕ್ಕಿಂತ ಚೆಂದದ ಅಂಕ ಬರುತ್ತಿದ್ದುದು ಬ್ಯಾಡಗಿಯ ಹೆಂಗಸರದು. ಮೆಣಸಿನಕಾಯಿ ಪೇಟೆಯ ಧೂಳಿನಲ್ಲಿ ಹುಟ್ಟಿ ಬೆಳೆದವರು, ಅವರ ಅಂಕ ಮೊದಲು ಏಳೋ ಎಂಟೋ ಇರುತ್ತಿತ್ತು. ಈಗ ಒಂದಕ್ಕಿಂತ ಕೆಳಗೆ. ಅದೇ ಊರಿನ ಗಂಡಸರು ಮೂರರಲ್ಲೇ ಉಳಿದಿದ್ದರು. ಹೆಂಗಸರು ಶಿಸ್ತಿನವರು, ಗಂಡಸರು ಕುಡುಕರು ಎಂದು ನಾವು ವರದಿ ಬರೆದೆವು. ಪೇಟೆಗೇ ಹೋಗಿ ಆ ಹೆಂಗಸರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ಮಾದರಿ ಊರು' ಎಂದು ಫಲಕ ಹಾಕಿ ಬಂದೆವು. ಅಂಕ ಮೇಲೆ ಹೋದರೆ ಗಂಟೆ ಹೊಡೆಯುವಂತೆ ಯಂತ್ರ ಮಾಡಿದ್ದೆವು. ಕೆಳಗೆ ಹೋದರೆ ಸನ್ಮಾನ ಮಾಡುತ್ತಿದ್ದೆವು.

ಮಾಘ ಮಾಸದ ಒಂದು ಬೆಳಿಗ್ಗೆ ನಮ್ಮ ಕೇಂದ್ರದ ವೈದ್ಯೆ ತಬಸ್ಸುಮ್ ಮುಲ್ಲಾ ನನ್ನ ಮೇಜಿನ ಎದುರು ಬಂದು ನಿಂತಳು. ಮಾತಿನ ಮಲ್ಲಿ. ಅವತ್ತು ಮಾತು ಹುಡುಕುತ್ತಿದ್ದಳು.

"ಹಾದಿಮನಿ ಸರ್, ಬ್ಯಾಡಗಿಯಾಗ ಒಬ್ಬಾಕಿ ತೀರಿಕೊಂಡಾಳ್ರಿ. ಫಕೀರವ್ವ ಅಂತ, ಪ್ಯಾಟಿಯಾಗ ಮೆಣಸಿನಕಾಯಿ ತೊಟ್ಟು ಬಿಡಸಾಕಿ."

"ಹಾರ್ಟೇನು?"

"ಅಲ್ರಿ. ಅಪೆಂಡಿಕ್ಸ್."

ನನಗೆ ನಿರಾಳವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. "ಹಂಗಾರ ಅದಕ್ಕೂ ನಮಗೂ ಏನ್ ಸಂಬಂಧ ಡಾಕ್ಟ್ರ?"

"ಸರ್, ಅದು ಹೊಟ್ಟ್ಯಾಗ ಒಡದು ಭಾಳ ದಿನಾ ಆಗಿತ್ತಂತ. ಹೊಟ್ಟಿ ತುಂಬ ಕೀವು. ಹಂತಾ ಮನಿಶಾ ನೆಲದ ಮ್ಯಾಲ ಉಳ್ಳಾಡಿ ಚೀರಬೇಕ್ರಿ. ಈಕಿ ಮುಂಜಾನಿ ರೊಟ್ಟಿ ಬಡದು, ಬುತ್ತಿ ಕಟಗೊಂಡು ಕೆಲಸಕ್ಕ ಬಂದಾಳ. ನಕ್ಕೋತ ಕುಂತಾಕಿ ಹಂಗ ಮೆಣಸಿನಕಾಯಿ ರಾಶಿ ಮ್ಯಾಲ ವಾಲ್ಯಾಳ. ಜ್ವರ ಇಲ್ಲ, ನೋವಿಲ್ಲ, ಬಾವಿಲ್ಲ."

ಗೋಡೆಯ ಮೇಲೆ ಫಕೀರವ್ವನ ಅಂಕ ತೆಗೆಸಿ ನೋಡಿದೆ. ತಿಂಗಳುಗಟ್ಟಲೆ ಸೊನ್ನೆಗೆ ಅಂಟಿಕೊಂಡ ಹಸಿರು ಗೆರೆ. ಸಾಯುವ ಗಳಿಗೆಯಲ್ಲೂ ಅದು ಮಿಸುಕಿರಲಿಲ್ಲ.

"ಯಂತ್ರ ಸರಿ ಐತಲ್ಲ," ಎಂದೆ.

"ಜೀವ ಇದ್ದ ದೇಹದಾಗ ಸೊನ್ನಿ ಇರಾಂಗಿಲ್ಲ ಸರ್," ಎಂದಳು ತಬಸ್ಸುಮ್. "ನಾವು ಬೀಗರನ್ನ ಹೊರಗ ಹಾಕಾಕ ಹೋಗಿ ಕಾವಲಗಾರನ್ನೂ ಮನಗಿಸೇವಿ. ಕಳ್ಳ ಬಂದು ಮನಿ ತೊಳದು ಹೋಗ್ಯಾನ, ನಾಯಿ ಒದರಿಲ್ಲ."

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗಲೂ ಆ ಹಸಿರು ಗೆರೆ ಕಣ್ಣಿನಲ್ಲೇ ಇತ್ತು. ನನ್ನ ಹೆಂಡತಿ ನೀಲಾಂಬಿಕಾ ಬ್ಯಾಡಗಿಯ ಮಗಳು. ಆಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬುಗುಡಿ ಬರುವ ಮುಂಚೆ ಆಕೆಯ ಬಿ.ಪಿ. ಯಾವ ಗುಳಿಗೆಗೂ ಬಗ್ಗುತ್ತಿರಲಿಲ್ಲ. ಒಂದು ಸಲ ಚಹಾ ಸೋಸುತ್ತಿದ್ದವಳ ಬಾಯಿ ವಾರೆಯಾಗಿ, ಕೈಯಲ್ಲಿದ್ದ ಪಾತ್ರೆ ಬಿದ್ದು, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಯಿತು. ಇದು ಮುನ್ಸೂಚನೆ, ಮುಂದಿನ ಸಲ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ನಾನು ಬುಗುಡಿಯ ಕೆಲಸಕ್ಕೆ ಹಗಲಿರುಳು ಬಿದ್ದದ್ದು ಲೋಕಕಲ್ಯಾಣಕ್ಕಲ್ಲ, ಈ ಒಬ್ಬಳಿಗಾಗಿ.

ಆಕೆ ರೊಟ್ಟಿ ಬಡಿಸುತ್ತ ಏನೋ ಹಾಡು ಗುನುಗುತ್ತಿದ್ದಳು. ಮೊಬೈಲಿನಲ್ಲಿ ಕದ್ದು ಆಕೆಯ ಅಂಕ ನೋಡಿದೆ. ಸೊನ್ನೆಯ ಪಕ್ಕದಲ್ಲೇ ಇತ್ತು. ಹೋದ ವಾರ ಅದೇ ಅಂಕ ನೋಡಿ ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೆ.

"ನೀಲಾ, ಮೈಯಾಗ ಹೆಂಗೈತಿ?"

"ನಂಗೇನಾಗೇತಿ? ಹದಿನೆಂಟರ ಹುಡುಗಿ ಆದಂಗ ಆಗೇನಿ."

"ನಾಲ್ಕ ದಿನಾ ಬುಗುಡಿ ತಗದ ನೋಡೂಣೇನು?"

ಆಕೆ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಹಂಗನಬ್ಯಾಡ್ರಿ. ಇದನ್ನ ತಗದ ದಿನಾ ನಾ ಮತ್ತ ಸಾಯಾಕ ಹೊಂಟೆ ಅಂತ ತಿಳಕೋರಿ. ರಾತ್ರಿ ಮಲಗುವಾಗ ಎದ್ದೇನೋ ಇಲ್ಲೋ ಅಂತ ಅಂಜಿ ಅಂಜಿ ಮಲಗತಿದ್ದೆ ನಾ, ನಿಮಗೇನ್ ಗೊತ್ತು?" ಎಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ತಂಗಿಯ ಮಗಳ ಮದುವೆಗೆ ತವರಿಗೆ ಹೋದಾಗ ಬುಗುಡಿಗೆ ಬಂಗಾರ ಹಾಕಿಸಿಕೊಂಡು ಬಂದಿದ್ದಳು. ಬೆರಳ ಸಂದಿಯಿಂದ ಅದು ಹೊಳೆಯುತ್ತಿತ್ತು. ನಾನು ಉಂಡು ಎದ್ದೆ.

ಮಾರನೆಯ ದಿನ ತಬಸ್ಸುಮಳನ್ನು ಕರೆದುಕೊಂಡು ಬ್ಯಾಡಗಿಗೆ ಹೋದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ, ಆದರೆ ಧೂಳು ಧೂಳೇ. ಹಂಗಾಮಿನಲ್ಲಿ ಆ ಪೇಟೆಗೆ ಕಾಲಿಟ್ಟವನು ಕೆಮ್ಮದೆ ಹೊರಬಂದದ್ದು ನಾನು ಕಂಡಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಅಳಿಯನನ್ನು ಮೊದಲು ಪೇಟೆಯಲ್ಲೊಂದು ಸುತ್ತು ಹಾಕಿಸಿ, ಆತ ಕಣ್ಣೀರು ಸುರಿಸುವುದನ್ನು ನೋಡಿ ನಗುವುದು ಅಲ್ಲಿಯವರ ರೂಢಿ. ನಾನೂ ಸುರಿಸಿದವನೇ.

ಅವತ್ತೂ ಅಂಗಳದ ತುಂಬ ಕೆಂಪು ರಾಶಿಗಳಿದ್ದವು. ಹಮಾಲರು ಚೀಲ ಕೊಡವುತ್ತಿದ್ದರು, ಧೂಳು ಮೋಡದಂತೆ ಎದ್ದಿತ್ತು. ಶೆಡ್ಡಿನ ಕೆಳಗೆ ನೂರಾರು ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ನನಗೂ ತಬಸ್ಸುಮಳಿಗೂ ಕೆಮ್ಮು ಹತ್ತಿ ಕಣ್ಣು ಬಿಡಲಾಗಲಿಲ್ಲ. ಹಮಾಲರೂ ಕೆಮ್ಮುತ್ತಿದ್ದರು. ಹೆಂಗಸರ ಸಾಲಿನಿಂದ ಮಾತ್ರ ಒಂದು ಸೀನಿಲ್ಲ, ಒಂದು ಕೆಮ್ಮಿಲ್ಲ. ಸೆರಗಿನಿಂದ ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲ. ಆ ಧೂಳನ್ನು ಅವರು ಗಾಳಿಯಂತೆ ಉಸಿರಾಡುತ್ತಿದ್ದರು.

"ಸಾಹೇಬರಿಗೆ ನೀರ್ ಕೊಡ್ರವಾ ಯಾರರ," ಎಂದು ಒಬ್ಬಳು ನಕ್ಕಳು. ಎಲ್ಲರೂ ನಕ್ಕರು.

"ಕೆಮ್ಮಿನ ಸುದ್ದಿ ಮಿದುಳಿಗೆ ಮುಟ್ಟಸೂದೂ ಅದ ನರ ಸರ್," ಎಂದು ತಬಸ್ಸುಮ್ ಕಿವಿಯಲ್ಲಿ ಹೇಳಿದಳು. ಆಕೆಯ ದೃಷ್ಟಿ ಮುಂದೆ ಕೂತಿದ್ದ ಒಬ್ಬಳ ಪಾದದ ಮೇಲಿತ್ತು. ಹಿಮ್ಮಡಿಯಲ್ಲಿ ದೊಡ್ಡ ತೂತು, ಅದರಿಂದ ತೆಳ್ಳಗೆ ಕೀವು ಸೋರುತ್ತಿತ್ತು. ಸುತ್ತ ಕೆಂಪಿಲ್ಲ, ಬಾವಿಲ್ಲ. ನೆನೆದ ಕಾಗದದಂತೆ ಬಿಳಿಚಿಕೊಂಡ ಚರ್ಮ, ಅಷ್ಟೇ.

"ಇದೇನವಾ ಕಾಲಿಗೆ?" ಎಂದು ತಬಸ್ಸುಮ್ ಕೇಳಿದಳು.

ಆ ಹೆಂಗಸು ಬಗ್ಗಿ ನೋಡಿದಳು. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದಳು. "ಯವ್ವಾ, ಇದ್ಯಾವಾಗ ಆತು? ಮೊಳಿ ಗಿಳಿ ಚುಚ್ಚಿರಬೇಕ್ರಿ." ಮತ್ತೆ ತೊಟ್ಟು ಬಿಡಿಸತೊಡಗಿದಳು.

ಆಗ ನಾನು ಅವರ ಕಿವಿಗಳನ್ನು ನೋಡಿದೆ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹಳದಿ ಹೊಳಪು. ಒಂದಾದರೂ ಸ್ಟೀಲಿನ ಬುಗುಡಿ ಇರಲಿಲ್ಲ.

ಪೇಟೆಯ ಹಿಂದಿನ ಓಣಿಯಲ್ಲಿ ಮೌನೇಶಪ್ಪ ಪತ್ತಾರರ ಅಂಗಡಿ. ಊರಿನ ಬಂಗಾರದ ಕೆಲಸವೆಲ್ಲ ಅವರದೇ. ನಾವು ಯಾರೆಂದು ತಿಳಿದೊಡನೆ ಎದ್ದು ನಿಂತು, ಚಹಾ ಹೇಳಿ, ತಮ್ಮ ಕೈಚಳಕ ತೋರಿಸಲು ಒಂದು ಬುಗುಡಿ ತೆಗೆದರು.

"ಕಬ್ಬಿಣ ಅಲ್ಲೇನ್ರಿ ಅದು? ಮುತ್ತೈದಿ ಕಿವ್ಯಾಗ ಕಬ್ಬಿಣ ಇಟ್ಟರ ಶನಿ ಬಂದು ಕುಂದ್ರತಾನ. ಡಾಕ್ಟ್ರು ಕೊಟ್ಟಾರ ಅಂತ ಶನಿ ಬಿಡ್ತಾನೇನ್ರಿ? ಅದಕ್ಕ ಮ್ಯಾಲ ಬಂಗಾರದ ತಗಡು ಹೊದಿಸಿದ್ನಿ. ಮತ್ತ ಚೀಲಾ ಎತ್ತುವಾಗ ಬೀಳತಾವ ಅಂತ ಹೇಳಾಕ ಹತ್ತಿದ್ರು. ಕಿವಿಗೆ ಒಂದ್ ಸಣ್ಣ ತೂತ ಹೊಡದು, ಬಂಗಾರದ ತಿರುಪ ಹಾಕಿ ಕೂಡಿಸಿ ಬಿಟ್ಟೆ. ಈಗ ಒಂದರ ಬಿದ್ದೈತಿ ಅಂತ ತೋರಸ್ರಿ ನೋಡೂಣು."

"ಗಂಡಸರವು?" ಎಂದೆ.

"ಗಂಡಸರಿಗ್ಯಾಕ್ರಿ ಬಂಗಾರ!"

ಕರೆಂಟಿಗೆ ಚರ್ಮ ಒಂದು ಗೋಡೆ. ಗೋಡೆಯ ಆಚೆ ಇರುವ ನರಕ್ಕೆ ಮೆಲ್ಲಗೆ ಕೇಳಲಿ ಎಂದು ನಾವು ಜೋರಾಗಿ ತಟ್ಟುತ್ತಿದ್ದೆವು. ಪತ್ತಾರರ ತಿರುಪು ಗೋಡೆಯನ್ನೇ ಕೊರೆದು ಒಳಗೆ ಹೋಗಿತ್ತು. ಅದೇ ತಟ್ಟು ಈಗ ಬರಿ ನರದ ಮೇಲೆ ಬೀಳುತ್ತಿತ್ತು, ಹಗಲೂ ರಾತ್ರಿ. ಶಿಸ್ತಿನಿಂದಲ್ಲ, ಶನಿಯ ಭಯದಿಂದ ಈ ಹೆಂಗಸರ ಅಂಕ ಇಳಿದಿತ್ತು. ಬಡಪಾಯಿ ಪತ್ತಾರರನ್ನು ಬೈದು ಏನು ಫಲ? ಮುತ್ತೈದೆಯರ ಕಿವಿಗೆ ಉಕ್ಕು ಕೊಡುವಾಗ ಒಬ್ಬ ಮುತ್ತೈದೆಯನ್ನಾದರೂ ಕೇಳುವ ಬುದ್ಧಿ ಇಷ್ಟು ಮಂದಿ ವಿಜ್ಞಾನಿಗಳಲ್ಲಿ ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ನೆನಪಾಯಿತು. ನೀಲಾಳ ಬೆರಳ ಸಂದಿಯಲ್ಲಿ ಹೊಳೆದ ಬಂಗಾರ.

ಅವಳ ಬುಗುಡಿಗೂ ಬಂಗಾರವಿದೆ ಎಂದು ತಬಸ್ಸುಮಳಿಗೆ ಹೇಳಿ ಫೋನು ತೆಗೆದೆ. ತಬಸ್ಸುಮ್ ನನ್ನ ಮಣಿಕಟ್ಟು ಹಿಡಿದಳು. "ಮೇಡಂಗೆ ಫೋನ್ ಮಾಡ್ರಿ, ಆದ್ರ ಒಮ್ಮೆಲೆ ತಗೀ ಅನಬ್ಯಾಡ್ರಿ. ಇಷ್ಟ ದಿನಾ ತಡದಿದ್ದ ಉರಿಯೂತ ಕೆರಿ ಒಡ್ಡು ಒಡದಂಗ ಬರತೈತಿ, ಹಾರ್ಟು ತಡಿಯಾಂಗಿಲ್ಲ. ಹಂತ ಹಂತವಾಗಿ ಇಳಸಬೇಕು. ಮೈಯಾಗ ಎಲ್ಲೆರ ಗಾಯ, ಹುಣ್ಣು ಐತೇನು ಮೊದಲ ಕೇಳ್ರಿ."

ನೀಲಾ ಫೋನು ಎತ್ತಿದಳು. ಹಿಂದೆ ಕುಕ್ಕರು ಕೂಗುತ್ತಿತ್ತು.

"ನೀಲಾ, ಎಲ್ಲೆರ ನೋವು, ಗಾಯ, ಏನರ ಐತೇನು? ನೆನಪ ಮಾಡಿ ಹೇಳು."

"ನಿನ್ನೆಯಿಂದ ಏನ್ ಹಚ್ಚೀರಿ ಇದು? ನಂಗೇನೂ ಇಲ್ಲ. ಇದ್ದ ನೋವೂ ಹೋಗೇತಿ."

"ಯಾವ ನೋವು?"

"ದವಡಿ ಹಲ್ಲು ನೋಯಾಕ ಹತ್ತಿತ್ತಲ್ರಿ, ಮದವಿಗೆ ಹೋಗೂಕಿಂತ ಮೊದ್ಲ. ತೆಗಸಬೇಕಂತ ಮಾಡಿದ್ದೆ. ಊರಿಗೆ ಹೋಗಿ ಬರೂದ್ರಾಗ ತಾನ ನಿಂತಬಿಡ್ತು. ರೊಕ್ಕ ಉಳೀತು ಬಿಡ್ರಿ."

ನಾನು ಆ ಮಾತನ್ನು ತಬಸ್ಸುಮಳಿಗೆ ಹೇಳಿದೆ. "ಹಲ್ಲಿನ ಕೀವು ಎದಿಗೂ ಇಳೀತೈತಿ ಸರ್, ಮೊದಲ ದವಾಖಾನಿಗೆ ಕಳಸ್ರಿ," ಎಂದಳು.

"ನೀಲಾ, ಈಗಿಂದೀಗ ರಿಕ್ಷಾ ಮಾಡಿಕೊಂಡು ದೊಡ್ಡ ದವಾಖಾನಿಗೆ ಹೋಗು."

"ಬ್ಯಾಳಿಗೆ ಇನ್ನ ಒಗ್ಗರಣಿ ಹಾಕಬೇಕ್ರಿ, ಆಮ್ಯಾಲೆ..."

"ಗ್ಯಾಸ್ ಆರಸು! ಹೋಗಂದ್ರ ಹೋಗು!" ಇಷ್ಟು ವರ್ಷಗಳ ಸಂಸಾರದಲ್ಲಿ ಆಕೆಯ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು.

ತಬಸ್ಸುಮ್ ಬ್ಯಾಡಗಿಯಲ್ಲೇ ಉಳಿದಳು. ಬಂಗಾರದ ಬುಗುಡಿಗಳ ಕರೆಂಟನ್ನು ಹಂತ ಹಂತವಾಗಿ ಇಳಿಸಲು ನಾನು ಕಾರಿನಿಂದಲೇ ನಿಯಂತ್ರಣ ಕೊಠಡಿಗೆ ಹುಕುಂ ಕೊಟ್ಟೆ. ನೀಲಾಳದನ್ನು ಮಾತ್ರ ಯಾರ ಕೈಗೂ ಕೊಡದೆ ನನ್ನ ಟ್ಯಾಬಿನಲ್ಲೇ ಇಟ್ಟುಕೊಂಡೆ. ಹುಬ್ಬಳ್ಳಿ ಮುಟ್ಟುವವರೆಗೆ ಡ್ರೈವರನಿಗೆ 'ಜೋರ್ ಹೊಡಿ' ಎಂಬುದರ ಹೊರತು ಏನು ಹೇಳಿದೆನೋ ನೆನಪಿಲ್ಲ.

ದವಾಖಾನೆಯಲ್ಲಿ ನೀಲಾ ಮಂಚದ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಬಿ.ಪಿ. ನೋಡಿದ ನರ್ಸು 'ಭಾಳ ಚೊಲೋ ಐತಿ' ಎಂದಿದ್ದಳಂತೆ. ಸರ್ಜನ್ ಮಾತ್ರ ನನ್ನನ್ನು ಪಕ್ಕದ ಕೋಣೆಗೆ ಕರೆದು ಸ್ಕ್ಯಾನಿನ ಚಿತ್ರ ತೋರಿಸಿದರು. ಹಲ್ಲಿನ ಬುಡದಿಂದ ಹೊರಟ ಕೀವು ಗಂಟಲಿನ ಪಕ್ಕದಲ್ಲಿ ಇಳಿದು ಎದೆಯ ಬಾಗಿಲಿಗೆ ಬಂದು ನಿಂತಿತ್ತು.

"ಇಷ್ಟ ಕೀವಿದ್ದವ್ರು ಬಾಯಿ ತಗಿಯಾಕ ಆಗಾಂಗಿಲ್ರಿ," ಎಂದರು. "ಇವ್ರು ನಂಗ 'ಚಹಾ ಆತೇನ್ರಿ' ಅಂತ ಕೇಳಿದ್ರು."

ಒಳಗೆ ಇಷ್ಟು ದೊಡ್ಡ ಸಾವನ್ನು ಇಟ್ಟುಕೊಂಡು ಆಕೆ ನನಗೆ ನಿನ್ನೆ ರೊಟ್ಟಿ ಬಡಿಸಿದ್ದಳು, ಹಾಡು ಗುನುಗಿದ್ದಳು.

ಕುತ್ತಿಗೆ ಕೊಯ್ದು ಕೀವು ತೆಗೆದರು. ಔಷಧಿ ಏರಿಸಿದರು. "ನಮ್ಮ ಕೈಲಾದದ್ದು ಅರ್ಧ," ಎಂದರು ಸರ್ಜನ್. "ಉಳಿದ ಅರ್ಧ ಅವರ ದೇಹಾನ ಮಾಡಬೇಕು. ನಿಮ್ಮ ಬುಗುಡಿ ಇಳಿಸಿಕೋತ ಹೋಗ್ರಿ. ಜ್ವರ ಬರಬೇಕು, ಗಾಯದ ಸುತ್ತ ಕೆಂಪ ಏಳಬೇಕು, ನೋವಾಗಬೇಕು. ಅದು ಬರಲಿಲ್ಲ ಅಂದ್ರ..."

ನಾನು ಒಂದೊಂದೇ ಹಂತ ಇಳಿಸುತ್ತ, ಪ್ರತಿ ಹಂತಕ್ಕೂ ಆಕೆಯ ಹಣೆ ಮುಟ್ಟಿ ನೋಡುತ್ತ ಕೂತೆ. ತಣ್ಣಗೆ ಇತ್ತು. ಜ್ವರ ಇಳಿಯಲಿ ಎಂದು ಹರಕೆ ಹೊತ್ತವರನ್ನು ನೋಡಿದ್ದೇನೆ. ಜ್ವರ ಬರಲಿ ಎಂದು ನಾನು ಹೊತ್ತೆ. ವೀರಭದ್ರನಿಗೆ ಹೊತ್ತೆ, ಹುಲಿಗೆಮ್ಮನಿಗೆ ಹೊತ್ತೆ, ಹೋಗುವ ದಾರಿಯೂ ಗೊತ್ತಿಲ್ಲದ ದರ್ಗಾಕ್ಕೆ ಹೊತ್ತೆ. ಒಂದು ಇಡೀ ದಿನ ಹಾಗೇ ಹೋಯಿತು. ಮರುದಿನ ಬೆಳಿಗ್ಗೆ ಹಣೆ ಬೆಚ್ಚಗಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಸುಡುತ್ತಿತ್ತು.

ನಾನು ಬೇಡಿದ್ದೆಲ್ಲ ಬಂತು, ಬಡ್ಡಿ ಸಮೇತ ಬಂತು. ಕುತ್ತಿಗೆ ಬಾತಿತು. ಬಿ.ಪಿ. ಹಳೆಯ ಜಾಗಕ್ಕೆ ಹಾರಿ, ಅದನ್ನೂ ದಾಟಿತು. ನೀಲಾ ಹಲ್ಲು ಕಚ್ಚಿ, ಮಂಚದ ಸರಳು ಹಿಡಿದು ಹೊರಳಾಡಿದಳು. ಟ್ಯಾಬ್ ನನ್ನ ತೊಡೆಯ ಮೇಲಿತ್ತು. ಒಂದು ಗುಂಡಿ ಒತ್ತಿದರೆ ಗಳಿಗೆಯಲ್ಲಿ ಆಕೆಯ ನೋವು ನಿಲ್ಲುತ್ತಿತ್ತು. ಅದು ನನಗೂ ಗೊತ್ತು, ಆಕೆಗೂ ಗೊತ್ತು.

"ಒತ್ರಿ," ಎಂದಳು.

"ಆಗಾಂಗಿಲ್ಲ ನೀಲಾ."

"ನಿಮ್ಮ ಕಾಲ್ ಬೀಳತೇನಿ. ಒಂದ ಸಲ ಒತ್ರಿ. ತಡಕೊಳ್ಳಾಕ ಆಗವಲ್ದು."

"ಒತ್ತಿದ್ರ ನೀ ಉಳ್ಯಾಂಗಿಲ್ಲ."

"ಹೋಗ್ಲಿ ಬಿಡ್ರಿ! ನನ್ನ ಜೀವಾ, ನಿಮ್ಮದೇನ್ ಹೋಗತೈತಿ? ಯಾರೋ ಫಕೀರವ್ವ ನಕ್ಕೋತ ಹೋದ್ಳಂತ, ನಾನೂ ನಕ್ಕೋತ ಹೋಗ್ತೇನಿ!" ಸುದ್ದಿ ಆಕೆಗೂ ಮುಟ್ಟಿತ್ತು. ಆಮೇಲೆ ಗೋಡೆಯ ಕಡೆ ತಿರುಗಿ, "ಕಟುಕ" ಎಂದಳು.

ಬಿ.ಪಿ. ಯಂತ್ರ ಒಂದೇ ಸವನೆ ಕೂಗುತ್ತಿತ್ತು. ಆ ಅಂಕಿ ನೋಡಿದರೆ ಯಾವ ಗಳಿಗೆಗೂ ಮಿದುಳಿನಲ್ಲಿ ನಾಳ ಒಡೆಯಬಹುದಿತ್ತು, ಹಿಂದೆ ಡಾಕ್ಟರು ಹೇಳಿದ್ದ ಆ 'ಮುಂದಿನ ಸಲ' ಇದೇ ಇರಬಹುದಿತ್ತು. ಒತ್ತಿದರೆ ಕೀವು ಕೊಲ್ಲುತ್ತದೆ, ಒತ್ತದಿದ್ದರೆ ಒತ್ತಡ ಕೊಲ್ಲಬಹುದು. ನರ್ಸು ಬಿ.ಪಿ. ಇಳಿಸುವ ಔಷಧಿ ಸುರಿಯುತ್ತಲೇ ಇದ್ದಳು. ನನ್ನ ಬೆರಳು ಆ ಗುಂಡಿಯ ಮೇಲೆ ಹೋಯಿತು, ಬಂತು. ಮತ್ತೆ ಹೋಯಿತು. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಕೊನೆಗೆ ನನ್ನ ಬೆರಳನ್ನೇ ನಂಬದೆ ಕೊನೆಯ ಹಂತವನ್ನೂ ಇಳಿಸಿ, ಆಕೆಯ ಕಿವಿಯ ತಿರುಪು ಬಿಚ್ಚಿ, ಬುಗುಡಿ ತೆಗೆದು ಸರ್ಜನ್ ಕೈಗೆ ಕೊಟ್ಟುಬಿಟ್ಟೆ. ಆಕೆ ಇಟ್ಟ ಶಾಪ ಇಲ್ಲಿ ಬರೆಯುವಂಥದ್ದಲ್ಲ.

ಸಂಜೆಯ ಹೊತ್ತಿಗೆ ತಬಸ್ಸುಮಳ ಫೋನು ಬಂತು. ನಾನು ಬಾಗಿಲ ಹೊರಗೆ ನಿಂತು ಮಾತಾಡಿದೆ. ಒಳಗಿನಿಂದ ನೀಲಾಳ ನರಳಾಟ ಕೇಳುತ್ತಿತ್ತು.

"ಊರ ತುಂಬ ನರಳಾಕ ಹತ್ಯಾರ ಸರ್," ಎಂದಳು. ದನಿ ಬಿದ್ದುಹೋಗಿತ್ತು. "ಓಣಿ ಓಣ್ಯಾಗ ಚೀರಾಟ. ಕೆಮ್ಮು ಅಂದ್ರ ಕೆಮ್ಮು. ಒಬ್ಬಾಕಿ ಹಿಮ್ಮಡಿ ಹಿಡಕೊಂಡು ಅಳಾಕ ಹತ್ಯಾಳ, ಅವತ್ತ ನೋಡಿದ್ವಲ್ಲ, ಆಕಿ. ಎಲ್ಲಾರೂ ನನ್ನ ಬೈಯಾಕ ಹತ್ಯಾರ. ಬೈಲಿ ಬಿಡ್ರಿ, ಬೈಯಾವ್ರು ಉಳೀತಾರ. ನಾನು, ಆಶಾ ಕಾರ್ಯಕರ್ತೆಯರು ಮನಿ ಮನಿ ಮುಂದ ನಿಂತು ಕಿವಿಗೊಟ್ಟು ಕೇಳಾಕ ಹತ್ತೇವಿ. ನರಳೂ ಸಪ್ಪಳ ಬಂದ ಮನಿ ಬಿಟ್ಟು ಮುಂದ ಹೋಗೂದು. ಯಾವ ಮನಿ ಸುಮ್ಮನೈತಿ, ಆ ಬಾಗಲಾ ಬಡಿಯೂದು."

"ಸುಮ್ಮನಿರೂ ಮನಿ ಎಷ್ಟದಾವು?"

ಫೋನಿನಲ್ಲಿ ಯಾರೋ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಬಡಿದರು, ಕಾದರು, ಮತ್ತೆ ಬಡಿದರು. ಬಾಗಿಲು ತೆರೆದ ಸದ್ದು ಮಾತ್ರ ಬರಲಿಲ್ಲ.

ಆಗ ನನಗೆ ತಿಳಿಯಿತು, ನನ್ನ ಬೆನ್ನ ಹಿಂದೆಯೂ ನರಳಾಟ ನಿಂತಿತ್ತು.

ಫೋನು ಎಲ್ಲಿ ಬಿತ್ತೋ ಗೊತ್ತಿಲ್ಲ. ಒಳಗೆ ಓಡಿದೆ. ನೀಲಾ ಅಂಗಾತ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಬಾಯಿ ಅರೆ ತೆರೆದಿತ್ತು. ಮುಖದ ಮೇಲೆ ನೋವಿನ ಒಂದು ಗೆರೆಯೂ ಇರಲಿಲ್ಲ. ನರ್ಸು ಔಷಧಿ ತರಲು ಹೋಗಿದ್ದಳು. ಬಿ.ಪಿ. ಯಂತ್ರದ ಪಟ್ಟಿ ಆಕೆ ಹೊರಳಾಡಿದ್ದಕ್ಕೆ ಕಳಚಿ ಬಿದ್ದು, ಅದೂ ಸುಮ್ಮನಾಗಿತ್ತು.

"ನೀ... ನೀಲಾ," ಎಂದೆ. ಉತ್ತರವಿಲ್ಲ. ಭುಜ ಅಲುಗಿಸಿದೆ. ಉತ್ತರವಿಲ್ಲ. ಉಸಿರು ನೋಡಬೇಕು, ನಾಡಿ ಹಿಡಿಯಬೇಕು ಎಂಬ ಬುದ್ಧಿ ನನಗೆ ಉಳಿದಿರಲಿಲ್ಲ. ಆಕೆಯ ತೋಳಿನ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಜಿಗುಟಿ ಬಿಟ್ಟೆ.

ಜಿಗುಟಿದ ಜಾಗ ಬೆಳ್ಳಗಾಯಿತು. ಬೆಳ್ಳಗೇ ಇತ್ತು. ನಾನು ಬಗ್ಗಿ ನೋಡುತ್ತಲೇ ಇದ್ದೆ. ಆಮೇಲೆ ಅಂಚಿನಿಂದ ಮೆಲ್ಲಗೆ ಕೆಂಪು ಏರತೊಡಗಿತು, ಗುಲಾಬಿಯಾಗಿ, ರಂಗಾಗಿ, ಬೆರಳಿನ ಗುರುತು ಉಬ್ಬಿ ನಿಂತಿತು.

"ಅಯ್ಯೋ ಯವ್ವಾ!" ನೀಲಾ ಕಣ್ಣು ಬಿಟ್ಟಳು. "ಈಗರೆ ಒಂದಿಷ್ಟ ಕಣ್ ಹತ್ತಿತ್ತು! ನಿಮ್ಮ ಕೈ ಸೇದಿ ಹೋಗ್ಲಿ! ನೋಯತೈತಿ, ನೋಯತೈತಿ ಅಂತೇನಿ!"

ನಾನು ಇನ್ನೊಮ್ಮೆ ಜಿಗುಟಿದೆ.